ದಪ್ಪ ಅಕ್ಷರ ಇನ್ನು ಕಳಿಸಬೇಡ

ತಾಂಬಳವಾಡಿ ಧಕ್ಕೆ
ನಾಗಪಂಚಮಿಯ ಮರುದಿನ

ಕೊಲ್ಹಾಪುರದಲ್ಲಿ ಕೂತು ತಂದೆಯ ಮುದ್ದಿನ ಮಗಳಾಗಿರುವ ಪ್ರಾಜಕ್ತಾಗೆ, ಇಲ್ಲಿ ಕೂತು ಬೈಗುಳ ತಿನ್ನುವ ಆಯಿಯ ಆಶೀರ್ವಾದ.

ನನ್ನ ಕೈಯಲ್ಲಿ ಕಾಗದ ಬರೆಸುವ ಹಾಗೆ ಮಾಡಿದ್ದು ನೀವಿಬ್ಬರೂ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಡಿಸಿ ಮೀನು ಒಣಗಿಸಲು ಕಳಿಸಿದ ಮೇಲೆ ನಾನು ಅಂಗಡಿಯ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಬೆರಳು ನೋಯುತ್ತದೆ, ಸಾಲು ಓರೆಯಾಗುತ್ತದೆ, ಸಿಟ್ಟು ನೆತ್ತಿಗೇರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಮನೆಗೆ ಇರುವುದು ಒಂದೇ ಫೋನು, ಅದು ನಿನ್ನ ಬಾಬಾನ ಜೇಬಿನಲ್ಲಿ. ಕೇಳಿದರೆ ಕೊಡುತ್ತಾರೆ, ಆಮೇಲೆ ಪಕ್ಕದಲ್ಲೇ ಕೂರುತ್ತಾರೆ. ಅವರ ಕಿವಿ ಈಗ ಬೆಕ್ಕಿನ ಕಿವಿಯಾಗಿದೆ. ಅಂಗಳದಲ್ಲಿ ಯಾರಾದರೂ ಚಪ್ಪಲಿ ಕಳಚಿದರೆ ಸಾಕು, ಒಳಗಿನಿಂದಲೇ ಹೆಸರು ಹಿಡಿದು ಕರೆಯುತ್ತಾರೆ. ಬಂದವರು ಖುಷಿಪಡುತ್ತಾರೆ. ನಾನು ಪಡುವುದಿಲ್ಲ.

ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಬಾಬಾಗೆ ಕಣ್ಣು ಕಾಣುತ್ತಿಲ್ಲ. ನಾರಳಿ ಹುಣ್ಣಿಮೆಯ ದಿನ ಮಳೆಗಾಲಕ್ಕೆ ಮುಚ್ಚಿದ್ದ ದೋಣಿ ಕಡವು ತೆರೆಯುವಾಗ, ಊರಿನ ಜನರನ್ನು ತುಂಬಿಕೊಂಡು ಹೋಗುವ ಮೊದಲ ದೋಣಿಯ ಚುಕ್ಕಾಣಿ ಅವರೇ ಹಿಡಿಯುತ್ತಾರೆ. ಅವರನ್ನು ಯಾರೂ ತಡೆಯದ ಹಾಗೆ ಮಾಡಿಟ್ಟಿರುವುದು ನೀನು ಕಳಿಸುವ ದಪ್ಪ ಅಕ್ಷರ.

ಕೋಪ ಬಂತೇ? ಬರಲಿ. ಪೂರಾ ಓದು.

ಹಡಗಿನ ನೌಕರಿ ಬಿಟ್ಟು ಬಂದಾಗ ಅವರ ಪೆಟ್ಟಿಗೆಯಲ್ಲಿ ನನಗೊಂದು ಸೀರೆ ಇರಲಿಲ್ಲ, ಪುಸ್ತಕ ಓದುವ ಆ ಸ್ಲೇಟು ಇತ್ತು. ಒಳಗಿನಿಂದ ಬೆಳಕು ಬಾರದ ಹಳೇ ಮಾದರಿ. ಬೂದಿ ಬಣ್ಣದ ಪರದೆ, ಅದರ ಮೇಲೆ ಅದಕ್ಕಿಂತ ಸ್ವಲ್ಪ ಕಪ್ಪಗಿನ ಅಕ್ಷರ. ನಡುಸಮುದ್ರದಲ್ಲಿ ತಿಂಗಳುಗಟ್ಟಲೆ ಅದನ್ನೇ ಓದಿಕೊಂಡಿದ್ದ ಮನುಷ್ಯ. ಊರಿಗೆ ಬಂದು ಕಡವಿನ ದೋಣಿ ಹಿಡಿದ ಮೇಲೂ ಅದನ್ನು ಕೈಬಿಡಲಿಲ್ಲ. ನಾನು ಮೀನು ಹೆಚ್ಚುವಾಗ ಪಕ್ಕದಲ್ಲಿ ಕೂತು ಕೊಲೆ, ಪತ್ತೇದಾರಿ, ಚಂಡಮಾರುತ ಎಂದು ಓದಿ ಹೇಳುತ್ತಿದ್ದರು. ಅದರ ಮೇಲೆ ನನಗೆ ದ್ವೇಷವಿಲ್ಲ, ಇರಲಿಲ್ಲ.

ಹೋದ ಗಣಪತಿ ಹಬ್ಬಕ್ಕೆ ನೀನು ಬಂದಾಗ ಅವರು ನಿನಗೆ ಹೇಳಿದ್ದು ನನಗೆ ನೆನಪಿದೆ. "ಪ್ರಾಜೂ, ಮಷೀನು ಮುದುಕಿ ಆಯ್ತು ಕಣೆ. ಅದರ ಶಾಯಿ ಒಣಗ್ತಾ ಇದೆ. ಸ್ವಲ್ಪ ದಪ್ಪ ಮಾಡಿ ಕೊಡು."

ಪ್ರೆಸ್ಸಿನಲ್ಲಿ ಮದುವೆ ಕಾಗದ ಜೋಡಿಸುವ ನಿನಗೆ ಅಕ್ಷರ ದಪ್ಪ ಮಾಡುವುದೆಂದರೆ ದೋಸೆ ದಪ್ಪ ಹೊಯ್ದಷ್ಟು ಸುಲಭ. ಹೊಸ ಯಂತ್ರಗಳಲ್ಲಿ ಬೆರಳೊತ್ತಿದರೆ ಅಕ್ಷರ ತಾನೇ ದಪ್ಪಗಾಗುತ್ತದೆ, ಇಂಥ ಹಳೆಯದರಲ್ಲಿ ಪುಸ್ತಕದ ಒಳಗೇ ದಪ್ಪ ಅಕ್ಷರ ತುಂಬಿ ಕಳಿಸಬೇಕು ಎಂದು ನೀನೇ ನನಗೆ ವಿವರಿಸಿದ್ದೆ. ಮಾಡಿಕೊಟ್ಟೆ. ದೀಪಾವಳಿಗೆ ಅದೂ ಸಾಲಲಿಲ್ಲ, ಇನ್ನಷ್ಟು ದಪ್ಪ ಮಾಡಿದೆ. ಹೋಳಿಯ ಶಿಮಗಾ ಹಬ್ಬಕ್ಕೆ ಮತ್ತಷ್ಟು. ಆಗ ನೀನು ಕೇಳಿದ್ದೆ, "ಬಾಬಾ, ದಪ್ಪ ಯಾಕೆ, ದೊಡ್ಡದು ಮಾಡ್ಕೊಳ್ಳಿ. ಅದು ಆ ಮಷೀನಿನಲ್ಲೇ ಆಗುತ್ತೆ."

ಅವರು ಅಂದರು, "ದೊಡ್ಡದು ಬೇಡ. ದೊಡ್ಡದಾದ್ರೆ ಪಕ್ಕಕ್ಕೆ ಓಡಿಹೋಗ್ತವೆ. ನಂಗೆ ದಪ್ಪ ಬೇಕು."

ನೀನು ನಕ್ಕೆ. ನಾನೂ ನಕ್ಕೆ. ಅಕ್ಷರ ಎಲ್ಲಿಗೆ ಓಡಿಹೋಗುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಈಗ ಗೊತ್ತಾಗುತ್ತಿದೆ. ಅವರು ಲೋಕವನ್ನು ಕೊಳವೆಯೊಳಗಿನಿಂದ ನೋಡುತ್ತಿದ್ದಾರೆ. ಚಹಾದ ಕಪ್ಪನ್ನು ಮೂಗಿನೆದುರು ಇಟ್ಟರೆ ಕೈಗೆ ಸಿಗುತ್ತದೆ, ಮೊಣಕೈ ಪಕ್ಕ ಇಟ್ಟರೆ ನೆಲಕ್ಕೆ ಬೀಳುತ್ತದೆ. ಬಿದ್ದಾಗ ನನ್ನನ್ನೇ ಬೈಯುತ್ತಾರೆ, "ಕಪ್ಪು ಇಡೋ ಜಾಗವಾ ಇದು?" ಎಂದು. ನಾನು ತಿರುಗಿ ಬೈಯುತ್ತಿದ್ದೆ. ಈಚೆಗೆ ಬೈಯುವುದು ಬಿಟ್ಟಿದ್ದೇನೆ. ಈ ಮನೆಯಲ್ಲಿ ನಾನು ಸುಮ್ಮನಿದ್ದೇನೆಂದರೆ ಏನೋ ಕೆಟ್ಟಿದೆ ಎಂದು ನೀನೇ ತಿಳಿದುಕೋ.

ಆಷಾಢದಲ್ಲಿ ನೀನು ಮೊಬೈಲ್ ಅಂಗಡಿಯ ತೇಜಸ್ವಿನಿಗೆ ಕಳಿಸಿದ ಪುಸ್ತಕವನ್ನು ಅವಳು ಸ್ಲೇಟಿಗೆ ಹಾಕಿಕೊಟ್ಟಳು. ಮನೆಗೆ ತರುವ ದಾರಿಯಲ್ಲಿ ನಾನು ತೆರೆದು ನೋಡಿದೆ. ಅಕ್ಷರಗಳ ಹೊಟ್ಟೆಯೆಲ್ಲ ಮುಚ್ಚಿಹೋಗಿದೆ. ದೋಣಿಗೆ ಬಳಿಯುವ ಡಾಂಬರು ಹನಿಹನಿಯಾಗಿ ಸಾಲಿಗೆ ಬಿದ್ದ ಹಾಗಿದೆ. ನನಗೆ ಒಂದು ಪದವನ್ನೂ ಬಿಡಿಸಲಾಗಲಿಲ್ಲ. ಅವರು ಕೈಗೆ ತೆಗೆದುಕೊಂಡು, "ಹಾಂ, ಈಗ ನೋಡು, ಮಗಳು ಅಂದ್ರೆ ಮಗಳು" ಎಂದರು.

ಇದನ್ನೆಲ್ಲ ಕದ್ದು ಬರೆಯುತ್ತಿದ್ದೇನೆ ಅಂದುಕೊಂಡೆಯಾ? ಇಲ್ಲ. ಅವರು ಎದುರಿಗೇ ಕೂತಿದ್ದಾರೆ. ಮಧ್ಯಾಹ್ನದ ಊಟ ಆಗಿದೆ, ನಿನ್ನೆ ಮಾಡಿದ ಅರಿಶಿನ ಎಲೆಯ ಕಡುಬು ಮಿಕ್ಕಿತ್ತು, ತಿಂದರು. ಪೆನ್ನಿನ ಸಪ್ಪಳ ಕೇಳಿ, "ಏನೇ ಅದು, ಕೋರ್ಟಿಗೆ ಹೋಗ್ತೀಯಾ ನನ್ನ ಮೇಲೆ?" ಎಂದರು. ಗಣಪತಿ ಹಬ್ಬದ ಸಾಮಾನಿನ ಚೀಟಿ ಎಂದೆ. "ತೋರಿಸು, ಏನೇನು ಬಿಟ್ಟಿದೀಯ ನೋಡ್ತೀನಿ" ಎಂದರು. ಆಗ ನನ್ನೊಳಗೆ ಏನೋ ಹೊಕ್ಕಿತು. ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿಯಲ್ಲಿ ನನ್ನ ಕೈಲಾದಷ್ಟು ದೊಡ್ಡದಾಗಿ ಬರೆದೆ: ನಿಮಗೆ ಕಣ್ಣು ಕಾಣುವುದಿಲ್ಲ, ದೋಣಿ ಬಿಟ್ಟುಬಿಡಿ. ಬರೆದು ಅವರ ಕೈಗೆ ಕೊಟ್ಟೆ.

ಕಾಗದವನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ತಲೆಯನ್ನು ಅತ್ತಿತ್ತ ಆಡಿಸಿದರು. ಆಮೇಲೆ ಹಿಂದಕ್ಕೆ ಕೊಟ್ಟು ಹೇಳಿದರು, "ಎಲ್ಲಾ ಸರಿ ಇದೆ. ಬೆಲ್ಲ ಒಂದು ಮರೆತಿದೀಯ, ಸೇರಿಸು."

ಸೇರಿಸಿದೆ, ಪ್ರಾಜು. ಆ ಸಾಲಿನ ಕೆಳಗೆ ಬೆಲ್ಲ ಎಂದು ಬರೆದೆ. ಇನ್ನೇನು ಮಾಡಲಿ.

ದೋಣಿಯಲ್ಲಿ ಹೇಗೆ ನಡೆಸುತ್ತಿದ್ದರು ಎಂದು ಕೇಳುತ್ತೀಯ. ನನ್ನಿಂದ ನಡೆಯುತ್ತಿತ್ತು. ನಾನು ಮೀನಿನ ಬುಟ್ಟಿ ಇಟ್ಟುಕೊಂಡು ಮುಂಗಡೆ ಕೂರುವುದು ಎಲ್ಲರಿಗೂ ರೂಢಿ. ಆಚೆ ದಡ ಹತ್ತಿರವಾಗುತ್ತಿದ್ದ ಹಾಗೆ ಅವರು ಹಿಂದಿನಿಂದ ಕೂಗುವರು, "ಏ ಶೇವಂತಿ, ನಿನ್ನ ಅತ್ತೆ ಮನೆ ಬಂತಾ, ಹೊಳೆಗೆ ಹೋಯ್ತಾ?" ನಾನು, "ಬಂತು, ಬಾಗಿಲು ಬಲಕ್ಕಿದೆ, ಕಾಲು ತೊಳ್ಕೊಂಡು ಬನ್ನಿ" ಎನ್ನುವೆ. ಅವರು ಬಲಕ್ಕೆ ತಿರುಗಿಸುವರು. ಜನ ನಗುತ್ತಾರೆ. ಮುದುಕ ಮುದುಕಿಗೆ ಇನ್ನೂ ಚೇಷ್ಟೆ ಎನ್ನುತ್ತಾರೆ. ಮೊದಮೊದಲು ನಾನೂ ಚೇಷ್ಟೆ ಅಂತಲೇ ತಿಳಿದಿದ್ದೆ. ಒಂದು ದಿನ ಸಿಟ್ಟಿನಲ್ಲಿ ಉತ್ತರ ಕೊಡಲಿಲ್ಲ. ದೋಣಿ ನೇರ ಬಂಡೆಯ ಕಡೆ ಹೋಯಿತು. ನಾನು ಬಾಯಿ ಬಿಟ್ಟ ಮೇಲೆಯೇ ತಿರುಗಿತು. ಅವತ್ತಿನಿಂದ ನಾನು ಸಿಟ್ಟಾಗುವುದನ್ನು ದಡದಲ್ಲೇ ಇಟ್ಟು ಹೋಗುತ್ತೇನೆ.

ಇನ್ನೊಂದು ಮಾತು ನಿನಗೆ ಹೇಳಿಲ್ಲ. ಮೇ ತಿಂಗಳ ಕೊನೆಯಲ್ಲಿ ದೋಣಿಗೆ ಬಲೆ ತೇಲಿಸಲು ಕಟ್ಟುವ ಬುರುಡೆ ತಾಗಿತು ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ. ಅದು ಬುರುಡೆಯಲ್ಲ. ಇಳಿತದ ಹೊತ್ತು, ಕುತ್ತಿಗೆಯವರೆಗೆ ನೀರಲ್ಲಿ ನಿಂತು ಚಿಪ್ಪು ಹೆಕ್ಕುತ್ತಿದ್ದ ವೈಜಯಂತಿ. ನಿನ್ನ ಜೊತೆ ಶಾಲೆಗೆ ಹೋಗುತ್ತಿದ್ದಳಲ್ಲ, ಅವಳೇ. ನಾನು ಕಿರುಚಿದೆ. ಅವಳು ಮುಳುಗಿ ತಪ್ಪಿಸಿಕೊಂಡಳು, ಹೆಗಲಿನ ಚರ್ಮ ಮಾತ್ರ ಕಿತ್ತುಹೋಯಿತು. ಹಿಂದೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ನಿನ್ನ ಬಾಬಾ, "ಮರದ ದಿಮ್ಮಿ ಇರಬೇಕು" ಎಂದು ಎಂಜಿನ್ ಜೋರು ಮಾಡಿದರು.

ಸಂಜೆ ಅವಳು ಮನೆಗೆ ಬಂದು ಅಂಗಳದಲ್ಲಿ ನಿಂತು ಕೂಗಾಡಿದಳು. "ಕಾಕಾ, ಮನುಷ್ಯರು ಕಾಣಲ್ವಾ ನಿಮಗೆ? ಕುಡಿದಿದ್ರಾ?"

ನನ್ನ ಮದುವೆಯಾದಂದಿನಿಂದ ದೋಣಿ ಹತ್ತುವ ದಿನ ಆ ಮನುಷ್ಯ ತೊಟ್ಟು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವರು ತಲೆ ಕೆಳಗೆ ಹಾಕಿ ನಕ್ಕು ಹೇಳಿದರು, "ಹೌದು ಕಣವ್ವಾ, ಸ್ವಲ್ಪ ಹಾಕಿದ್ದೆ. ತಪ್ಪಾಯ್ತು."

ನೋಡಿದೆಯಾ? ಅವರಿಗೆ ಗೊತ್ತಿದೆ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದು ಮೇಲು ಎಂದು ನಿರ್ಧಾರ ಮಾಡಿಯಾಗಿದೆ. ಅಷ್ಟು ದೂರ ಹೋದವರನ್ನು ನನ್ನ ಬಾಯಿಮಾತು ಹಿಂದಕ್ಕೆ ಕರೆಯುವುದಿಲ್ಲ.

ಆ ಕುಡಿತದ ಸುದ್ದಿ ಊರೆಲ್ಲ ಹಬ್ಬಿತು. ಮಳೆ ಶುರುವಾಗುವ ಮುಂಚೆ ದೋಣಿ ಕಟ್ಟುವ ಧಕ್ಕೆಯಲ್ಲಿ ಹಿರಿಯರು ಸೇರಿ, "ಭಿಕಾ, ಈ ಸಲ ಮೊದಲ ದೋಣಿ ನಿನ್ನ ತಮ್ಮನ ಮಗ ದತ್ತು ಹಿಡೀಲಿ. ವಯಸ್ಸಾಯ್ತು ನಿಂಗೆ, ಕೈ ಕಣ್ಣು ಒಂದೇ ಥರ ಇರಲ್ಲ" ಎಂದರು. ನಾನು ಅಲ್ಲೇ ಮೀನು ಮಾರುತ್ತಿದ್ದೆ. ದೇವರಿಗೆ ಕೈ ಮುಗಿದೆ. ನಿನ್ನ ಬಾಬಾ ಏನೂ ಜಗಳ ಮಾಡಲಿಲ್ಲ. ಚೀಲದಿಂದ ಸ್ಲೇಟು ತೆಗೆದು, ಒಂದು ಪುಟ ಪೂರಾ, ಭಜನೆಯವರ ಹಾಗೆ ಗಂಟಲು ಬಿಟ್ಟು ಓದಿದರು. ತಡವರಿಸಲಿಲ್ಲ. ಓದಿ ಮುಗಿಸಿ, "ಇಷ್ಟು ಸಣ್ಣ ಅಕ್ಷರ ಕಾಣೋ ಕಣ್ಣಿಗೆ ಎದುರಿಗಿರೋ ದಡ ಕಾಣಲ್ವೇನ್ರೋ?" ಎಂದರು. ಹಿರಿಯರ ಮುಖ ಸಣ್ಣದಾಯಿತು. ದತ್ತು ಎಲ್ಲರಿಗಿಂತ ಮೊದಲು ಅವರ ಕಾಲು ಮುಟ್ಟಿದ.

ಆಮೇಲೆ ನಾನು ದತ್ತುವನ್ನು ಹಿಡಿದುಕೊಂಡು ನಿಜ ಹೇಳಿದೆ. ನಿನ್ನ ಚಿಕ್ಕಪ್ಪನ ಮಗ, ನಾನು ಎತ್ತಿ ಆಡಿಸಿದವನು, ನನ್ನ ಮುಖಕ್ಕೇ ನಕ್ಕ. "ಕಾಕಿ, ನಿಮ್ಮ ಜಗಳ ಮನೇಲಿಟ್ಕೊಳ್ಳಿ. ನಂಗೆ ಓದೋಕೆ ಬರಲ್ಲ, ಅವರು ಪುಸ್ತಕ ಓದ್ತಾರೆ. ಅವರಿಗೆ ಕಣ್ಣಿಲ್ಲ ಅಂತೀರಲ್ಲ." ಊರಿಗೆ ಬಂದಿದ್ದ ಕಣ್ಣಿನ ತಪಾಸಣೆಯ ಶಿಬಿರದಲ್ಲೂ ಅವರು ಪಾಸಾದರಲ್ಲ ಎಂದ. ಆ ಪಾಸು ಹೇಗೆ ಆಯಿತೆಂದು ನನಗೆ ಗೊತ್ತು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಮುಂದಿನವರು ಗೋಡೆಯ ಹಲಗೆ ನೋಡಿ ಕೂಗಿದ್ದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು, ತಮ್ಮ ಸರದಿ ಬಂದಾಗ ಒಪ್ಪಿಸಿದರು. ಡಾಕ್ಟರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಈಗ ಹುಣ್ಣಿಮೆಯ ಮಾತು. ಕಡವಿನ ಪದ್ಧತಿ ನಿನಗೆ ಹೇಳಬೇಕಾಗಿಲ್ಲ, ಆದರೂ ನೀನು ಊರು ಬಿಟ್ಟು ಮರೆತಿರಬಹುದು. ಬಂಗಾರದ ಕಾಗದ ಸುತ್ತಿದ ತೆಂಗಿನಕಾಯಿಯನ್ನು ಅಳಿವೆಗೆ ಬಿಟ್ಟ ಮೇಲೆ ಮೊದಲ ದೋಣಿಯನ್ನು ಊರಿನ ದೋಣಿಗಾರರಲ್ಲಿ ಹಿರಿಯನಾದ ತಾಂಡೇಲನೇ ನಡೆಸಬೇಕು. ಅವನು ತಾನಾಗಿ ಬಿಟ್ಟುಕೊಡದೆ ಬೇರೆಯವರು ಚುಕ್ಕಾಣಿ ಮುಟ್ಟಿದರೆ ವರ್ಷವೆಲ್ಲ ಮೀನಿಲ್ಲ ಎಂದು ನಂಬಿಕೆ. ಆ ದೋಣಿ ಹತ್ತಿದವರಿಗೆ ಒಳ್ಳೆಯದಾಗುತ್ತದೆಂದು ಗಂಡಸರು, ಮಕ್ಕಳು ತುಂಬಿಕೊಳ್ಳುತ್ತಾರೆ. ಹೆಂಗಸರು ಆರತಿ ಹಿಡಿದು ದಡದಲ್ಲಿ ನಿಲ್ಲಬೇಕು.

ಅರ್ಥವಾಯಿತೇ? ಅವತ್ತು ನಾನು ಮುಂಗಡೆ ಇರುವುದಿಲ್ಲ. ಅತ್ತೆ ಮನೆಯ ಬಾಗಿಲು ಎಲ್ಲಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಅದೂ ಸಾಲದೆ ಅಳಿವೆಯ ನೀರಿನಡಿಯ ಮರಳುದಿಬ್ಬ. ಮಳೆಗಾಲದಲ್ಲಿ ಅದು ಜಾಗ ಬದಲಿಸುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ತಾಂಡೇಲ ಚಿಕ್ಕ ದೋಣಿಯಲ್ಲಿ ಹೋಗಿ ಆಳ ನೋಡಿ ದಾರಿಯ ಗುರುತಿಗೆ ಬಿದಿರು ನೆಟ್ಟು ಬರಬೇಕು. ಈ ವರ್ಷ ಅವರು ಹೋಗಿಲ್ಲ. ದತ್ತು ಕೇಳಿದರೆ, "ದಿಬ್ಬ ಹೋದ ವರ್ಷದ ಜಾಗದಲ್ಲೇ ಇದೆ, ನಂಗೆ ನೀರಿನ ಸಪ್ಪಳದಲ್ಲೇ ಗೊತ್ತು" ಎಂದರಂತೆ. ಇವನು ಒಪ್ಪಿಕೊಂಡು ಬಂದ. ನಾನು ಬೆಳಿಗ್ಗೆ ಧಕ್ಕೆಯಲ್ಲಿ ನಿಂತು ನೋಡಿದೆ. ಹೋದ ವರ್ಷ ನಾವು ದಾಟುತ್ತಿದ್ದ ದಾರಿಯಲ್ಲೇ, ನಟ್ಟನಡುವೆ, ನೀರು ಬೆಳ್ಳಗೆ ಒಡೆಯುತ್ತಿದೆ. ಇಳಿತ ಬಲವಾಗಿರುವಾಗ ದೋಣಿ ಅಲ್ಲಿ ಕೂತರೆ ಮಗುಚುತ್ತದೆ. ಮನೆಗೆ ಬಂದು ಹೇಳಿದ್ದಕ್ಕೆ, "ನೀನು ಯಾವಾಗಿಂದ ತಾಂಡೇಲ ಆದೆ?" ಎಂದರು.

ಆದ್ದರಿಂದ ನಿನ್ನಿಂದ ನನಗೆ ಆಗಬೇಕಾದ ಕೆಲಸ ಕೇಳು. ಹುಣ್ಣಿಮೆಯ ಹಿಂದಿನ ಸಂಜೆ ಧಕ್ಕೆಯಲ್ಲಿ ಎಲ್ಲರೂ ಸೇರುತ್ತಾರೆ. ಮಗಳು ಕಳಿಸುವ ಹೊಸ ಪುಸ್ತಕದಿಂದ ಓದಿ ಹೇಳುತ್ತೇನೆಂದು ಬಾಬಾ ಈಗಲೇ ಸಾರಿದ್ದಾರೆ. ಆ ಪುಸ್ತಕವನ್ನು ನೀನು ತೇಜಸ್ವಿನಿಗೆ ಕಳಿಸು. ಆದರೆ ಅಕ್ಷರ ದಪ್ಪ ಮಾಡಬೇಡ. ಅಂಗಡಿಯಿಂದ ಹೇಗೆ ಬರುತ್ತದೋ ಹಾಗೇ, ಕೂದಲೆಳೆಯ ಹಾಗಿರುವ ತೆಳು ಅಕ್ಷರ. ಹಳೆಯ ದಪ್ಪ ಅಕ್ಷರದ ಪುಸ್ತಕಗಳನ್ನೆಲ್ಲ ಅಳಿಸಿಹಾಕು ಎಂದು ಅವಳಿಗೇ ಹೇಳು. ಊರಿನೆದುರು ಅವರು ಸ್ಲೇಟು ತೆರೆಯಲಿ, ಬೂದಿ ಬಣ್ಣ ಬಿಟ್ಟು ಏನೂ ಕಾಣದಿರಲಿ.

ನೀನು ಏನು ಹೇಳುತ್ತೀಯ ಗೊತ್ತು. ಬಾಬಾಗೆ ನಾನು ಅವಮಾನ ಮಾಡಲಾ ಆಯಿ ಎನ್ನುತ್ತೀಯ. ಮಾಡು. ಅವಮಾನದಲ್ಲಿ ಯಾರೂ ಮುಳುಗಿ ಸಾಯುವುದಿಲ್ಲ. ಅವರು ನನ್ನ ಜೊತೆ ಮಾತು ಬಿಡಲಿ, ನಿನ್ನ ಜೊತೆ ಬಿಡಲಿ, ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಲಿ. ಬದುಕಿರುವ ಮನುಷ್ಯನ ಸಿಟ್ಟನ್ನು ನಾನು ನೋಡಿಕೊಳ್ಳುತ್ತೇನೆ, ಅಭ್ಯಾಸವಿದೆ. ಆಮೇಲೆ ನೀನು ಬಂದು ಕೊಲ್ಹಾಪುರದ ಒಳ್ಳೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಉಳಿದಷ್ಟಾದರೂ ಉಳಿಯಲಿ.

ಪ್ರೀತಿಯಿಂದಲೇ ಮಾಡಿದೆ ನೀನು. ಅದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಅವರು ಕೇಳಿದರು, ನೀನು ಕೊಟ್ಟೆ, ಅವರ ಮುಖ ಅರಳಿತು. ಆದರೆ ಒಂದೊಂದು ಸಲ ದಪ್ಪ ಮಾಡಿದಾಗಲೂ ಅವರ ಕಣ್ಣು ಎಷ್ಟು ಹೋಯಿತೆಂಬುದು ಅದರ ಹಿಂದೆ ಅಡಗಿಕೊಂಡಿತು. ಇನ್ನು ಅಡಗಿಸಬೇಡ.

ಕೈ ಸೋತಿತು. ಸಾಲುಗಳು ಓರೆಯಾಗಿದ್ದರೆ ಓದಿಕೋ.

ಇಂತಿ, ಬರೆದೂ ಬೈದೂ ದಣಿದ
ನಿನ್ನ ಆಯಿ
ಶೇವಂತಿ ಭಿಕಾಜಿ ಕುಬಲ್

ತಾ. ಕ.: ಕಾಗದ ಮಡಚಿ, ಅಂಟು ಹಚ್ಚುವ ಮುಂಚೆ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದ ಕೆಲಸ ಮಾಡಬೇಡ, ಪ್ರಯೋಜನವಿಲ್ಲ. ಗಾಳಿಗೆ ನಿನ್ನೆಯಿಂದ ಕರೆಂಟಿಲ್ಲ. ಈಗ ತಾನೇ ಅವರು, "ಬಾರೇ, ನಿಂಗೊಂದು ಅಧ್ಯಾಯ ಓದ್ತೀನಿ" ಎಂದು ಕರೆದರು. ಹೋಗಿ ಪಕ್ಕದಲ್ಲಿ ಕೂತೆ. ಚೆನ್ನಾಗಿ ಓದುತ್ತಿದ್ದರು, ಗುಂಡಿ ಒತ್ತಿ ಪುಟವನ್ನೂ ತಿರುಗಿಸುತ್ತಿದ್ದರು. ನಾನು ಬಗ್ಗಿ ನೋಡಿದೆ. ಸ್ಲೇಟು ಸತ್ತಿತ್ತು. ಪರದೆಯ ಮೇಲೆ ಚಾರ್ಜ್ ಮುಗಿದಿದೆ ಎನ್ನುವ ಖಾಲಿ ಬ್ಯಾಟರಿಯ ಚಿತ್ರ ಬಿಟ್ಟು ಒಂದು ಅಕ್ಷರವೂ ಇರಲಿಲ್ಲ. ಧಕ್ಕೆಯಲ್ಲಿ ಓದಿದ ಪುಟವನ್ನೇ, ಅದೇ ಗಂಟಲಲ್ಲಿ, ಒಂದು ಮಾತೂ ತಪ್ಪದೆ ಓದುತ್ತಿದ್ದರು. ನಾನು ಕೊನೆಯವರೆಗೂ ಕೇಳಿಸಿಕೊಂಡು, ಚೆನ್ನಾಗಿದೆ ಎಂದೆ.

ಅವರಿಗೆ ಇನ್ನು ತೆಳುವೂ ಒಂದೇ, ದಪ್ಪವೂ ಒಂದೇ. ನೀನೇ ಬಾ. ಬಂದು ಊರಿನೆದುರು ನಿನ್ನ ಬಾಯಿಂದ ಹೇಳು, ನಿನ್ನ ಮಾತನ್ನಾದರೆ ನಂಬುತ್ತಾರೆ. ಸ್ವರಾಳನ್ನು ಕರೆತರಬೇಡ. ಮೊಮ್ಮಗಳನ್ನು ಮೊದಲ ದೋಣಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ನಿಮ್ಮ ಮಕ್ಕಳನ್ನೂ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಊರಿನ ಬೇರೆ ಯಾರಿಗೂ ನಾನು ಇನ್ನೂ ಹೇಳಿಲ್ಲ. ಹೇಳಿದರೂ ಯಾರು ಕೇಳುತ್ತಾರೆ.

ಬರುತ್ತೀಯೋ ಇಲ್ಲವೋ, ಏಕಾದಶಿಯೊಳಗೆ ಉತ್ತರ ನನ್ನ ಕೈ ಸೇರಬೇಕು. ಫೋನ್ ಮಾಡಬೇಡ.